ಫ್ರೀಬಿಎಸ್‌ಡಿಯಲ್ಲಿ ಸೇವೆಗಳನ್ನು ಸರಿಯಾದ ಸರದಿಯಲ್ಲಿ ಆರಂಭಿಸುವುದು: ಆರ್‌ಸಿ ಸ್ಕ್ರಿಪ್ಟ್‌ಗಳ ಸಮಗ್ರ ಮಾರ್ಗದರ್ಶಿ

ಕೈಯಾರೆ ಆರಂಭಿಸಿದರೆ ಸೇವೆ ಸರಿಯಾಗಿಯೇ ಓಡುತ್ತದೆ, ಯಂತ್ರವನ್ನು ರೀಬೂಟ್ ಮಾಡಿದಾಗ ಮಾತ್ರ ಕೈಕೊಡುತ್ತದೆ. ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಓಡುವ ಸರ್ವರ್‌ಗಳನ್ನು ನೋಡಿಕೊಳ್ಳುವವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಇದು. ಸೇವೆಯನ್ನು ಆರಂಭಿಸಿ ನಿಲ್ಲಿಸುವ ಆರ್‌ಸಿ ಸ್ಕ್ರಿಪ್ಟಿನ ತಲೆಯಲ್ಲಿರುವ ಕೆಲವು ಸಾಲುಗಳನ್ನು ಎಲ್ಲಿಂದಲೋ ನಕಲು ಮಾಡಿಕೊಂಡು, ಅವು ಏನು ಮಾಡುತ್ತವೆ ಎನ್ನುವುದನ್ನಷ್ಟೇ ಊಹಿಸಿ, ಏನು ಮಾಡುವುದಿಲ್ಲ ಎನ್ನುವುದನ್ನು ನೋಡದೆ ಮುಂದೆ ಹೋದವರೆಲ್ಲ ಒಂದಲ್ಲ ಒಂದು ದಿನ ಇಲ್ಲಿಗೇ ಬಂದು ನಿಲ್ಲುತ್ತಾರೆ. ಆ ಸಾಲುಗಳು ಸರದಿಯನ್ನು ಮಾತ್ರ ನಿರ್ಧರಿಸುತ್ತವೆ. ಸರದಿಯಲ್ಲಿ ಮುಂದಿರುವ ಸೇವೆ ಕೆಲಸಕ್ಕೆ ಸಿದ್ಧವಾಗಿದೆಯೇ ಎಂಬುದಕ್ಕೂ ಅವಕ್ಕೂ ಸಂಬಂಧವಿಲ್ಲ.

ಉದಾಹರಣೆಗಾಗಿ ‘ದಾಸ್ತಾನು’ ಎಂಬ ಸ್ವಂತ ಅಪ್ಲಿಕೇಶನ್ ಒಂದನ್ನು ಇಟ್ಟುಕೊಳ್ಳೋಣ. ಅದಕ್ಕೆ ಹಿಂದೆ ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಡೇಟಾಬೇಸ್ ಬೇಕು, ಮುಂದೆ ಎಂಜಿನ್ಎಕ್ಸ್ ವೆಬ್ ಸರ್ವರ್ ಇದೆ. ಆದೇಶಗಳನ್ನೂ ಕಡತಗಳ ಹೆಸರುಗಳನ್ನೂ ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವುಗಳ ಮೂಲ ಇಂಗ್ಲಿಷ್ ಕಾಗುಣಿತವನ್ನೇ ಟೈಪ್ ಮಾಡಬೇಕು.

ಹಂತ 1: ಈಗಿರುವ ಸರದಿಯನ್ನು ಮೊದಲು ದಾಖಲಿಸಿಕೊಳ್ಳಿ

ಬೇಕಾದ ಉಪಕರಣಗಳೆಲ್ಲ ಮೂಲ ವ್ಯವಸ್ಥೆಯಲ್ಲಿಯೇ ಇವೆ: ಸರದಿಯನ್ನು ಲೆಕ್ಕ ಹಾಕುವ ‘ಆರ್‌ಸಿಆರ್ಡರ್’, ಸೇವೆಗಳನ್ನು ನಡೆಸುವ ‘ಸರ್ವಿಸ್’, ಸೇವೆಗಳ ಹೊಂದಿಕೆಗಳಿರುವ ಆರ್‌ಸಿ ಡಾಟ್ ಕಾನ್ಫ್ ಕಡತವನ್ನು ತಿದ್ದುವ ‘ಸಿಸ್‌ಆರ್‌ಸಿ’, ಮತ್ತು ರೂಟ್ ಅಧಿಕಾರ. ಇವುಗಳ ಜೊತೆಗೆ ಯಂತ್ರದ ಕನ್ಸೋಲ್ ಅನ್ನು ನೇರವಾಗಿಯೋ ದೂರದಿಂದಲೋ ನೋಡುವ ದಾರಿಯೊಂದು ಇರಲೇಬೇಕು. ನೆಟ್‌ವರ್ಕ್ ಮೂಲಕ ಯಂತ್ರದೊಳಗೆ ಹೋಗುವ ಎಸ್‌ಎಸ್‌ಎಚ್ ಒಂದನ್ನೇ ನಂಬಿಕೊಂಡು ಈ ಕೆಲಸಕ್ಕೆ ಕೈಹಾಕಬೇಡಿ.

‘ಸರ್ವಿಸ್ -ಆರ್’ ಎಂದು ಕೊಟ್ಟರೆ ಎಲ್ಲ ಸೇವೆಗಳೂ ಯಾವ ಸರದಿಯಲ್ಲಿ ಬರುತ್ತವೆ ಎಂಬ ಪಟ್ಟಿ ಬರುತ್ತದೆ. ‘ಸರ್ವಿಸ್ -ಇ’ ಎಂದರೆ ಸಕ್ರಿಯವಾಗಿರುವ ಸೇವೆಗಳು ಮಾತ್ರ. ಎರಡನ್ನೂ ಕಡತಗಳಿಗೆ ಉಳಿಸಿಕೊಳ್ಳಿ. ಬದಲಾವಣೆಯ ನಂತರ ಇನ್ನೊಮ್ಮೆ ಪಟ್ಟಿ ತೆಗೆದು ‘ಡಿಫ್’ ಆದೇಶದಿಂದ ಹೋಲಿಸಿದರೆ ನೀವು ಉದ್ದೇಶಿಸದ ಸೇವೆ ಯಾವುದಾದರೂ ಜಾಗ ಬದಲಿಸಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಬಹಳ ಜನ ಎಡವುವ ಸಂಗತಿಯೊಂದು ಇಲ್ಲಿದೆ. ಬೂಟ್ ಆಗುವಾಗ ಈಟಿಸಿ ಡೈರೆಕ್ಟರಿಯಲ್ಲಿರುವ ಆರ್‌ಸಿ ಸ್ಕ್ರಿಪ್ಟು ಆರ್‌ಸಿಆರ್ಡರ್ ಹೇಳುವ ದೋಷಸಂದೇಶಗಳನ್ನು, ಬಂದದ್ದನ್ನೆಲ್ಲ ನುಂಗಿಬಿಡುವ ನಲ್ ಸಾಧನಕ್ಕೆ ಎಸೆದುಬಿಡುತ್ತದೆ. ‘ಸರ್ವಿಸ್’ ಆದೇಶವೂ ಹಾಗೆಯೇ ಮಾಡುತ್ತದೆ. ಆದ್ದರಿಂದ ತಪ್ಪು ಎಷ್ಟೇ ದೊಡ್ಡದಿದ್ದರೂ ಈ ಎರಡು ಕಡೆಯೂ ಅದರ ಸುಳಿವು ಸಿಗುವುದಿಲ್ಲ. ಆರ್‌ಸಿಆರ್ಡರ್ ಅನ್ನು ನೀವೇ ನೇರವಾಗಿ ಕರೆದು, ಈಟಿಸಿಯ ಆರ್‌ಸಿ.ಡಿ ಮತ್ತು ಯುಎಸ್‌ಆರ್ ಲೋಕಲ್ ಈಟಿಸಿಯ ಆರ್‌ಸಿ.ಡಿ ಎಂಬ ಎರಡು ಡೈರೆಕ್ಟರಿಗಳ ಎಲ್ಲ ಕಡತಗಳನ್ನೂ ಅದಕ್ಕೆ ಒದಗಿಸಿ, ಸಾಮಾನ್ಯ ಔಟ್‌ಪುಟ್ ಅನ್ನು ಮಾತ್ರ ನಲ್ ಸಾಧನಕ್ಕೆ ಕಳುಹಿಸಿ. ಆಗ ಪರದೆಯ ಮೇಲೆ ಉಳಿಯುವುದು ದೋಷಗಳು ಮಾತ್ರ. ನೀವು ಏನನ್ನೂ ಮುಟ್ಟದ ವ್ಯವಸ್ಥೆಯಲ್ಲಿಯೂ ಒಂದೆರಡು ಸಂದೇಶಗಳು ಬರಬಹುದು. ಅವನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಆಮೇಲೆ ಬಂದ ಹೊಸ ಸಂದೇಶ ಯಾವುದೆಂದು ಗುರುತಿಸುವುದು ಸುಲಭ.

ಹಂತ 2: ಸ್ಕ್ರಿಪ್ಟನ್ನು ಸರಿಯಾದ ಜಾಗದಲ್ಲಿ ಇಡಿ

ನಿಮ್ಮ ಸ್ವಂತ ಸ್ಕ್ರಿಪ್ಟ್‌ಗಳ ಜಾಗ ಯುಎಸ್‌ಆರ್ ಲೋಕಲ್ ಈಟಿಸಿಯ ಒಳಗಿನ ಆರ್‌ಸಿ.ಡಿ ಡೈರೆಕ್ಟರಿ. ಈಟಿಸಿಯ ಆರ್‌ಸಿ.ಡಿ ಮೂಲ ವ್ಯವಸ್ಥೆಗೆ ಸೇರಿದ್ದು. ಅದರೊಳಗೆ ಏನನ್ನೂ ತಿದ್ದಬೇಡಿ, ಸೇರಿಸಲೂ ಬೇಡಿ.

ಬೂಟ್ ಎರಡು ಸುತ್ತಿನಲ್ಲಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಮೂಲ ವ್ಯವಸ್ಥೆಯ ಸ್ಕ್ರಿಪ್ಟ್‌ಗಳು ಮಾತ್ರ, ‘ಫೈಲ್‌ಸಿಸ್ಟಮ್ಸ್’ ಎಂಬ ಮೈಲಿಗಲ್ಲಿನವರೆಗೆ ಓಡುತ್ತವೆ. ಡಿಸ್ಕ್‌ಗಳೆಲ್ಲ ಮೌಂಟ್ ಆದ ಮೇಲೆ ಲೋಕಲ್ ಡೈರೆಕ್ಟರಿಯ ಸ್ಕ್ರಿಪ್ಟ್‌ಗಳನ್ನೂ ಸೇರಿಸಿಕೊಂಡು ಸರದಿಯನ್ನು ಹೊಸದಾಗಿ ಲೆಕ್ಕ ಹಾಕಲಾಗುತ್ತದೆ, ಮತ್ತು ಮೊದಲ ಸುತ್ತಿನಲ್ಲಿ ಓಡಿದವನ್ನು ಬಿಟ್ಟು ಉಳಿದವು ಓಡುತ್ತವೆ. ಹೀಗಾಗಿ ಲೋಕಲ್ ಸ್ಕ್ರಿಪ್ಟ್ ಒಂದರಲ್ಲಿ ಫೈಲ್‌ಸಿಸ್ಟಮ್ಸ್‌ಗಿಂತ ಮೊದಲು ಎಂದು ನೀವು ಎಷ್ಟೇ ಸ್ಪಷ್ಟವಾಗಿ ಬರೆದರೂ ಅದು ನಡೆಯುವುದಿಲ್ಲ. ಪಟ್ಟಿಯಲ್ಲಿ ಮೊದಲು ಕಾಣುತ್ತದೆ, ಓಡುವುದು ಆಮೇಲೆಯೇ.

ಎರಡನೆಯ ಸುತ್ತಿಗೆ ಲೋಕಲ್ ಸ್ಕ್ರಿಪ್ಟು ಲೆಕ್ಕಕ್ಕೆ ಬರಬೇಕಾದರೆ ಅದಕ್ಕೆ ಓಡಿಸುವ ಅನುಮತಿ ಇರಬೇಕು, ಅದರೊಳಗೆ ಪ್ರೊವೈಡ್ ಸಾಲು (ಹಂತ 3 ನೋಡಿ) ಸರಿಯಾದ ರೂಪದಲ್ಲಿರಬೇಕು, ಹೆಸರಿನ ಕೊನೆಯಲ್ಲಿ ‘ಡಾಟ್ ಸ್ಯಾಂಪಲ್’ ಇರಬಾರದು. ಮೊದಲನೆಯದನ್ನು ಮರೆಯುವವರೇ ಹೆಚ್ಚು: ‘ಸಿಎಚ್‌ಮಾಡ್’ ಆದೇಶದಿಂದ ಆ ಅನುಮತಿ ಕೊಡದೆ ಇಟ್ಟ ಸ್ಕ್ರಿಪ್ಟು ಯಾವ ದೂರನ್ನೂ ಹೇಳದೆ ಸುಮ್ಮನೆ ಬಿಟ್ಟುಹೋಗುತ್ತದೆ.

ಇದಕ್ಕೆ ವಿರುದ್ಧವಾದ ಅಪಾಯ ಹಳೆಯ ಪ್ರತಿಗಳದು. ತಿದ್ದುವ ಮುನ್ನ ಅದೇ ಡೈರೆಕ್ಟರಿಯಲ್ಲಿ ಒಂದು ನಕಲು ಮಾಡಿಡುವ ಅಭ್ಯಾಸ ಅನೇಕರಿಗಿದೆ. ‘ಡಾಟ್ ಬಿಎಕೆ’, ‘ಡಾಟ್ ಒಆರ್‌ಐಜಿ’ ಮತ್ತು ದೊಡ್ಡಕ್ಷರದ ‘ಡಾಟ್ ಓಲ್ಡ್’ ಎಂದು ಮುಗಿಯುವ ಕಡತಗಳನ್ನು ವ್ಯವಸ್ಥೆ ಗುರುತಿಸಿ ಬಿಟ್ಟುಬಿಡುತ್ತದೆ. ಆದರೆ ಸಣ್ಣಕ್ಷರದ ‘ಡಾಟ್ ಓಲ್ಡ್’ ಅಥವಾ ‘ದಾಸ್ತಾನು-ಹಳೆಯದು’ ಎಂಬಂಥ ಹೆಸರಿದ್ದರೆ ಅದನ್ನೂ ಒಂದು ಸೇವೆ ಎಂದೇ ತಿಳಿದು ಓಡಿಸುತ್ತದೆ. ನಕಲುಗಳನ್ನು ಬೇರೆ ಡೈರೆಕ್ಟರಿಯಲ್ಲಿ ಇಡಿ.

ಹಂತ 3: ತಲೆಯ ಸಾಲುಗಳನ್ನು ಒಂದಕ್ಷರವೂ ತಪ್ಪದೆ ಬರೆಯಿರಿ

ನಮ್ಮ ಉದಾಹರಣೆಗೆ ಬೇಕಾದ ಸಾಲುಗಳು ಇಷ್ಟು:

# ಪ್ರೊವೈಡ್: ದಾಸ್ತಾನು
# ರಿಕ್ವೈರ್: ಲಾಗಿನ್ ಪೋಸ್ಟ್‌ಗ್ರೆಎಸ್‌ಕ್ಯೂಎಲ್
# ಕೀವರ್ಡ್: ಶಟ್‌ಡೌನ್

ಪ್ರೊವೈಡ್ ಎಂದರೆ ಈ ಸ್ಕ್ರಿಪ್ಟು ಇತರರಿಗೆ ತೋರಿಸಿಕೊಳ್ಳುವ ಹೆಸರು. ರಿಕ್ವೈರ್ ಎಂದರೆ ಸರದಿಯಲ್ಲಿ ಯಾರ ನಂತರ ನಿಲ್ಲಬೇಕು ಎಂಬುದು. ಬಿಫೋರ್ ಎಂಬ ನಾಲ್ಕನೆಯ ಸಾಲೂ ಇದೆ. ಯಾರಿಗಿಂತ ಮೊದಲು ನಿಲ್ಲಬೇಕು ಎಂಬುದನ್ನು ಅದು ಹೇಳುತ್ತದೆ. ಕೀವರ್ಡ್ ಸಾಲಿಗೂ ಸರದಿಗೂ ಸಂಬಂಧವಿಲ್ಲ, ಯಾವ ಸಂದರ್ಭಗಳಲ್ಲಿ ಸ್ಕ್ರಿಪ್ಟನ್ನು ಸೇರಿಸಬೇಕು ಅಥವಾ ಬಿಡಬೇಕು ಎಂಬುದಕ್ಕೆ ಅದು ಗುರುತು.

ಈ ಸಾಲುಗಳು ನೋಡಲು ಟಿಪ್ಪಣಿಯಂತಿದ್ದರೂ ಅವುಗಳ ರೂಪದಲ್ಲಿ ಯಾವ ಸಡಿಲಿಕೆಯೂ ಇಲ್ಲ. ಸಾಲಿನ ಮೊದಲಲ್ಲಿ ಒಂದೇ ಹ್ಯಾಷ್ ಗುರುತು, ಅದರ ನಂತರ ಒಂದೇ ಒಂದು ಖಾಲಿ ಜಾಗ, ಆಮೇಲೆ ದೊಡ್ಡಕ್ಷರಗಳಲ್ಲಿ ಪದ, ಅದಕ್ಕೆ ಅಂಟಿಕೊಂಡೇ ಕೋಲನ್. ಹ್ಯಾಷ್‌ಗೆ ಪದವನ್ನು ಅಂಟಿಸಿದರೂ ತಪ್ಪು, ಎರಡು ಖಾಲಿ ಜಾಗ ಬಿಟ್ಟರೂ ತಪ್ಪು. ಹೆಸರುಗಳ ನಡುವೆ ಅಲ್ಪವಿರಾಮ ಹಾಕಬಾರದು. ಹಾಕಿದರೆ ಅದು ಹೆಸರಿನ ಭಾಗವೇ ಆಗಿಬಿಡುತ್ತದೆ. ಈ ಸಾಲುಗಳೆಲ್ಲ ಒಂದರ ಕೆಳಗೊಂದು ಒಟ್ಟಿಗೆ ಇರಬೇಕು: ನಡುವೆ ಒಂದು ಖಾಲಿ ಸಾಲೋ ವಿವರಣೆಯ ಸಾಲೋ ಬಂದರೆ ಆರ್‌ಸಿಆರ್ಡರ್ ಅಲ್ಲಿಗೇ ಓದುವುದನ್ನು ನಿಲ್ಲಿಸುತ್ತದೆ. ‘ಇಲ್ಲಿ ಡೇಟಾಬೇಸ್ ಬೇಕು’ ಎಂದು ಮುಂದಿನವರ ಅನುಕೂಲಕ್ಕೆ ನಡುವೆ ಬರೆದ ಒಂದು ಟಿಪ್ಪಣಿಯಿಂದಾಗಿ ಅದರ ಕೆಳಗಿನ ರಿಕ್ವೈರ್ ಸಾಲು ಇದ್ದೂ ಇಲ್ಲದಂತಾದ ಸ್ಕ್ರಿಪ್ಟ್‌ಗಳನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ.

ವಿಂಡೋಸ್‌ನಲ್ಲಿ ಬರೆದು ತಂದ ಕಡತವಾದರೆ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಅಕ್ಷರ ಇರುತ್ತದೆ. ಅದು ಸಾಲಿನ ಕೊನೆಯ ಹೆಸರಿಗೆ ಅಂಟಿಕೊಳ್ಳುವುದರಿಂದ, ಕಣ್ಣಮುಂದೆಯೇ ಇರುವ ಸೇವೆಯನ್ನು ಹೆಸರಿಸಿ ‘ಇದನ್ನು ಒದಗಿಸುವವರು ಯಾರೂ ಇಲ್ಲ’ ಎಂಬ ಸಂದೇಶ ಬರುತ್ತದೆ. ಇಂಥ ವಿಚಿತ್ರ ಕಂಡಾಗ ಕಡತವನ್ನು ‘ಕ್ಯಾಟ್ -ವಿ’ ಮೂಲಕ ನೋಡಿ.

ಹಂತ 4: ಮೈಲಿಗಲ್ಲನ್ನು ಆರಿಸಿ, ಸುತ್ತುಬಳಸು ಬೀಳದಂತೆ ನೋಡಿ

ಸರದಿಯ ಉದ್ದಕ್ಕೂ ಸ್ವತಃ ಏನನ್ನೂ ಮಾಡದ ಕೆಲವು ಖಾಲಿ ಸ್ಕ್ರಿಪ್ಟ್‌ಗಳನ್ನು ಮೈಲಿಗಲ್ಲುಗಳಂತೆ ನೆಟ್ಟಿದ್ದಾರೆ: ಫೈಲ್‌ಸಿಸ್ಟಮ್ಸ್, ನೆಟ್‌ವರ್ಕಿಂಗ್, ಸರ್ವರ್ಸ್, ಡೀಮನ್, ಲಾಗಿನ್. ಡೀಮನ್ ಬರುವುದು ನೆಟ್‌ವರ್ಕಿಂಗ್ ಮತ್ತು ಸರ್ವರ್ಸ್ ನಂತರ, ಲಾಗಿನ್ ಬರುವುದು ಡೀಮನ್ ನಂತರ. ಸಾಮಾನ್ಯ ಅಪ್ಲಿಕೇಶನ್‌ಗೆ ಲಾಗಿನ್ ಸಾಕು. ಅದಕ್ಕಿಂತ ಮೊದಲಿನ ಎಲ್ಲವೂ ಅದರೊಂದಿಗೇ ಬರುವುದರಿಂದ ನೆಟ್‌ವರ್ಕಿಂಗ್, ಡೀಮನ್ ಎಂದು ಮತ್ತೆ ಸಾಲಾಗಿ ಪೋಣಿಸುವ ಅಗತ್ಯವಿಲ್ಲ.

ಬೇರೆ ಯಂತ್ರದಿಂದ ನೆಟ್‌ವರ್ಕಿನಲ್ಲಿ ಎನ್‌ಎಫ್‌ಎಸ್ ಮೂಲಕ ಬರುವ ಡೈರೆಕ್ಟರಿ ಬೇಕಿದ್ದರೆ ಫೈಲ್‌ಸಿಸ್ಟಮ್ಸ್ ಸಾಲದು. ಅದು ಸ್ಥಳೀಯ ಡಿಸ್ಕ್‌ಗಳ ಮಾತು. ದೂರದ ಮೌಂಟ್‌ಗಳು ‘ಮೌಂಟ್‌ಕ್ರಿಟ್‌ರಿಮೋಟ್’ ಸ್ಕ್ರಿಪ್ಟಿನಲ್ಲಿ ಆಗುತ್ತವೆ, ಮೌಂಟ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ‘ಲೇಟ್’ ಎಂದು ಗುರುತಿಸಿದವು ಡೀಮನ್ ದಾಟಿದ ಮೇಲೆ ‘ಮೌಂಟ್‌ಲೇಟ್’ನಲ್ಲಿ. ಲಾಗಿನ್ ನಂತರ ನಿಲ್ಲುವವರಿಗೆ ಎರಡೂ ಮುಗಿದಿರುತ್ತವೆ.

ಸೇವೆಗಳು ಒಂದರ ನಂತರ ಒಂದು ನಿಲ್ಲಬೇಕೆಂದು ವೃತ್ತವಾಗಿಬಿಡುವ ಸುತ್ತುಬಳಸು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ನಮ್ಮ ಉದಾಹರಣೆಯೇ ಸಾಕು. ಬಳಕೆದಾರರು ಒಳಗೆ ಬರುವ ಮುನ್ನವೇ ದಾಸ್ತಾನು ಎದ್ದಿರಲಿ ಎಂದು ಯಾರೋ ರಿಕ್ವೈರ್ ಸಾಲಿನಿಂದ ಲಾಗಿನ್ ತೆಗೆದು ‘ಬಿಫೋರ್: ಲಾಗಿನ್’ ಎಂದು ಸೇರಿಸುತ್ತಾರೆ. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಪ್ಯಾಕೇಜಿನ ಸ್ಕ್ರಿಪ್ಟು ಲಾಗಿನ್ ನಂತರ ನಿಲ್ಲುತ್ತದೆ. ದಾಸ್ತಾನು ಪೋಸ್ಟ್‌ಗ್ರೆಎಸ್‌ಕ್ಯೂಎಲ್ ನಂತರ ನಿಲ್ಲಬೇಕು. ಈಗ ಲಾಗಿನ್ ದಾಸ್ತಾನುವಿನ ನಂತರ ನಿಲ್ಲಬೇಕು. ಮೂವರೂ ಒಬ್ಬರ ಬೆನ್ನ ಹಿಂದೆ ಒಬ್ಬರು ನಿಂತು ವೃತ್ತವಾಯಿತು. ಆರ್‌ಸಿಆರ್ಡರ್ ಇಲ್ಲಿ ಬೂಟ್ ಅನ್ನು ನಿಲ್ಲಿಸುವುದಿಲ್ಲ. ‘ಸರ್ಕ್ಯುಲರ್ ಡಿಪೆಂಡೆನ್ಸಿ’ ಎಂದು ದೂರಿ, ವೃತ್ತವನ್ನು ಎಲ್ಲೋ ಒಂದು ಕಡೆ ಕತ್ತರಿಸಿ ಮುಂದುವರಿಯುತ್ತದೆ, ಆ ದೂರು ಬೂಟ್ ಸಮಯದಲ್ಲಿ ನಲ್ ಸಾಧನಕ್ಕೆ ಹೋಗುತ್ತದೆ. ನಿಮಗೆ ಕಾಣುವುದು, ಈ ಬದಲಾವಣೆಗೆ ಏನೇನೂ ಸಂಬಂಧವಿಲ್ಲದ ಬೇರೊಂದು ಸೇವೆ ವಿನಾಕಾರಣ ತಪ್ಪು ಹೊತ್ತಿನಲ್ಲಿ ಎದ್ದಿರುವುದು ಮಾತ್ರ. ಆದ್ದರಿಂದ ಒಂದೊಂದು ಸಾಲು ಬದಲಿಸಿದಾಗಲೂ ಹಂತ 1ರ ನೇರ ಪರೀಕ್ಷೆಯನ್ನು ಮತ್ತೆ ಮಾಡಿ. ಈಚಿನ ಆವೃತ್ತಿಗಳಲ್ಲಿ ‘ಆರ್‌ಸಿಆರ್ಡರ್ -ಜಿ’ ಕೊಟ್ಟು ಚಿತ್ರ ಬಿಡಿಸುವ ಗ್ರಾಫ್‌ವಿಜ್ ಪ್ರೋಗ್ರಾಮಿಗೆ ಒಪ್ಪುವ ನಕ್ಷೆಯನ್ನೂ ಪಡೆಯಬಹುದು.

ಬೇರೆ ವ್ಯವಸ್ಥೆಗಳಿಂದ ಬಂದವರು ಕಡತದ ಹೆಸರಿನ ಮುಂದೆ ಎರಡಂಕಿಯ ಸಂಖ್ಯೆ ಸೇರಿಸುವುದುಂಟು. ಅದಕ್ಕೆ ಇಲ್ಲಿ ಯಾವ ಅರ್ಥವೂ ಇಲ್ಲ. ಆರ್‌ಸಿ ಡಾಟ್ ಕಾನ್ಫ್‌ನಲ್ಲಿ ಸಾಲುಗಳನ್ನು ಮೇಲೆ ಕೆಳಗೆ ಮಾಡುವುದರಿಂದಲೂ ಸರದಿ ಬದಲಾಗುವುದಿಲ್ಲ.

ಹಂತ 5: ಸ್ಕ್ರಿಪ್ಟಿನ ಒಡಲನ್ನು ಬರೆದು ಸಕ್ರಿಯಗೊಳಿಸಿ

ಒಡಲಿನಲ್ಲಿಯೂ ಒಂದು ಕ್ರಮವಿದೆ. ಮೊದಲು ‘ಆರ್‌ಸಿ ಡಾಟ್ ಸಬ್ಆರ್’ ಕಡತವನ್ನು ಒಳಗೆ ತನ್ನಿ, ಆಮೇಲೆ ಸೇವೆಯ ಹೆಸರನ್ನೂ ಆರ್‌ಸಿವಾರ್ ಅನ್ನೂ (ಸೇವೆ ಏಳಬೇಕೇ ಬೇಡವೇ ಎಂದು ಹೇಳುವ ಎನೇಬಲ್ ಚರದ ಹೆಸರು) ಕೊಡಿ, ಆಮೇಲೆ ‘ಲೋಡ್ ಆರ್‌ಸಿ ಕಾನ್ಫಿಗ್’ ಕರೆದು, ಅದರ ನಂತರವೇ ಎನೇಬಲ್ ಚರಕ್ಕೆ ‘ನೋ’ ಎಂಬ ಪೂರ್ವನಿಯೋಜಿತ ಬೆಲೆಯನ್ನು ಕೊಡಿ. ಕೊನೆಯ ಸಾಲು ‘ರನ್ ಆರ್‌ಸಿ ಕಮಾಂಡ್’. ಸಕ್ರಿಯಗೊಳಿಸಲು ‘ಸಿಸ್‌ಆರ್‌ಸಿ’ ಮೂಲಕ ದಾಸ್ತಾನುವಿನ ಎನೇಬಲ್ ಚರವನ್ನು ‘ಯೆಸ್’ ಮಾಡಿ.

ರಿಕ್ವೈರ್‌ನಲ್ಲಿ ಹೆಸರಿಸಿದ ಮಾತ್ರಕ್ಕೆ ಆ ಸೇವೆ ತಾನಾಗಿ ಸಕ್ರಿಯವಾಗುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನ ಎನೇಬಲ್ ಚರ ‘ನೋ’ ಆಗಿದ್ದರೆ ಅದರ ಸ್ಕ್ರಿಪ್ಟು ತನ್ನ ಸರದಿಯಲ್ಲಿ ಬಂದು, ಏನೂ ಮಾಡದೆ ಹೋಗುತ್ತದೆ, ಮತ್ತು ಅದರ ಹಿಂದೆ ದಾಸ್ತಾನು ಏಳುತ್ತದೆ. ಆರ್‌ಸಿಆರ್ಡರ್‌ಗೆ ಇದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ.

ಅಪ್ಲಿಕೇಶನ್ ತಾನಾಗಿ ಹಿನ್ನೆಲೆಗೆ ಹೋಗದಿದ್ದರೆ ಅದನ್ನು ‘ಡೀಮನ್’ ಎಂಬ ಸಹಾಯಕ ಪ್ರೋಗ್ರಾಮಿನ (ಅದೇ ಹೆಸರಿನ ಮೈಲಿಗಲ್ಲಲ್ಲ) ಮೂಲಕ ಓಡಿಸಬೇಕು. ಇಲ್ಲದಿದ್ದರೆ ಬೂಟ್ ಅಲ್ಲಿಯೇ ನಿಂತುಬಿಡುತ್ತದೆ. ಬಿದ್ದಾಗ ಮತ್ತೆ ಎಬ್ಬಿಸಲು ಸಣ್ಣಕ್ಷರದ ‘-ಆರ್’ ಆಯ್ಕೆ ಬಳಸುವವರು ಓಡುತ್ತಿರುವ ಪ್ರಕ್ರಿಯೆಯ ಸಂಖ್ಯೆಯನ್ನು ಬರೆದಿಡುವ ಪಿಐಡಿ ಕಡತಕ್ಕೆ ದೊಡ್ಡಕ್ಷರದ ‘-ಪಿ’ ಬಳಸಬೇಕು. ಸಣ್ಣಕ್ಷರದ್ದನ್ನು ಬಳಸಿದರೆ ಕಡತದಲ್ಲಿ ಮಗುವಿನ, ಅಂದರೆ ಅಪ್ಲಿಕೇಶನ್‌ನ, ಸಂಖ್ಯೆ ಮಾತ್ರ ಇರುತ್ತದೆ, ನಿಲ್ಲಿಸಿದಾಗ ಮಗು ಸಾಯುತ್ತದೆ, ಮೇಲ್ವಿಚಾರಕನಾದ ಡೀಮನ್ ಒಂದು ಸೆಕೆಂಡಿನಲ್ಲಿ ಹೊಸದನ್ನು ಹುಟ್ಟಿಸುತ್ತದೆ, ಸೇವೆ ನಿಲ್ಲುವುದೇ ಇಲ್ಲ.

ಹಂತ 6: ಸರದಿಯಾಯಿತು, ಈಗ ಸಿದ್ಧತೆಯನ್ನು ಕಾಯಿರಿ

ಸಾಮಾನ್ಯ ಹೊಂದಿಕೆಯಲ್ಲಿ ಒಂದು ಸ್ಕ್ರಿಪ್ಟು ಮರಳಿದ ಕೂಡಲೇ ಮುಂದಿನದು ಆರಂಭವಾಗುತ್ತದೆ. ಡೀಮನ್ ಪ್ರೋಗ್ರಾಮಿನ ಮೂಲಕ ಹಿನ್ನೆಲೆಗೆ ಹೋದ ಸೇವೆಯ ಸ್ಕ್ರಿಪ್ಟು ಕ್ಷಣದಲ್ಲಿ ಮರಳುತ್ತದೆ. ಆ ಸೇವೆ ತನ್ನ ಪೋರ್ಟ್ ತೆರೆಯಲು ಇನ್ನೂ 10 ಸೆಕೆಂಡ್ ಬೇಕಿರಬಹುದು. ಸರದಿ ಸರಿಯಿದ್ದೂ ಸಂಪರ್ಕ ಸಿಗದಿರುವುದಕ್ಕೆ ಕಾರಣ ಹೆಚ್ಚಿನ ಸಲ ಇದೇ.

ಪೋಸ್ಟ್‌ಗ್ರೆಎಸ್‌ಕ್ಯೂಎಲ್ ಈ ವಿಷಯದಲ್ಲಿ ಸಭ್ಯ. ಅದರ ‘ಪಿಜಿಸಿಟಿಎಲ್’ ಆದೇಶ, ಸರ್ವರ್ ಸಂಪರ್ಕ ಸ್ವೀಕರಿಸುವವರೆಗೆ ತಾನೇ ಕಾಯುತ್ತದೆ, ಆದರೆ ಪೂರ್ವನಿಯೋಜಿತವಾಗಿ 60 ಸೆಕೆಂಡ್ ಮಾತ್ರ. ನಾನು ನೋಡಿಕೊಳ್ಳುತ್ತಿದ್ದ ಒಂದು ಕಚೇರಿಯ ಸರ್ವರ್, ಯುಪಿಎಸ್ ಬ್ಯಾಟರಿಯೂ ಮುಗಿದು ಥಟ್ಟನೆ ಆರಿಹೋಗಿ, ಬೆಳಿಗ್ಗೆ ವಿದ್ಯುತ್ ಬಂದಾಗ ತಾನಾಗಿ ಎದ್ದಿತು. ಡೇಟಾಬೇಸ್ ತನ್ನ ಲಾಗ್‌ಗಳನ್ನು ಮರುಓದಿ ಚೇತರಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಂಡಿತು. ಕಾಯುವ ಗಡುವು ಮುಗಿದು ಸ್ಕ್ರಿಪ್ಟು ಮರಳಿತ್ತು, ಡೇಟಾಬೇಸ್ ಹಿನ್ನೆಲೆಯಲ್ಲಿ ತನ್ನ ಪಾಡಿಗೆ ಕೆಲಸ ಮುಂದುವರಿಸಿತ್ತು, ಅಪ್ಲಿಕೇಶನ್ ಮಾತ್ರ ಬಂದು, ಬಾಗಿಲು ತಟ್ಟಿ, ಹೊರಟುಹೋಗಿತ್ತು. ವರ್ಷಗಟ್ಟಲೆ ಸರಿಯಾಗಿ ನಡೆದಿದ್ದ ಸರದಿ ಅದು.

ಪರಿಹಾರವೆಂದರೆ ದಾಸ್ತಾನುವಿನ ಸ್ಕ್ರಿಪ್ಟಿನಲ್ಲಿ ‘ಸ್ಟಾರ್ಟ್ ಪ್ರಿಸಿಎಂಡಿ’ ಚರಕ್ಕೆ ಒಂದು ಸಣ್ಣ ಫಂಕ್ಷನ್ ಕೊಟ್ಟು, ಅದರಲ್ಲಿ ‘ಪಿಜಿಇಸ್‌ರೆಡಿ’ ಆದೇಶವನ್ನು ಸೆಕೆಂಡಿಗೊಮ್ಮೆ ಕೇಳುವುದು. ಅದು 0 ಮರಳಿಸಿದರೆ ಡೇಟಾಬೇಸ್ ಸಿದ್ಧ. 1 ಎಂದರೆ ಎದ್ದಿದೆ ಆದರೆ ಇನ್ನೂ ಸಂಪರ್ಕ ನಿರಾಕರಿಸುತ್ತಿದೆ. 2 ಎಂದರೆ ಉತ್ತರವೇ ಇಲ್ಲ. ಕಾಯುವುದಕ್ಕೆ ಒಂದು ಗಡುವು ಇರಲೇಬೇಕು. ಗಡುವು ಮೀರಿದರೆ ಒಂದು ಎಚ್ಚರಿಕೆಯ ಸಂದೇಶ ಬರೆದು ಸೊನ್ನೆಯಲ್ಲದ ಸಂಖ್ಯೆಯನ್ನು ಮರಳಿಸಿ. ಆಗ ಸೇವೆಯ ಆರಂಭ ರದ್ದಾಗುತ್ತದೆ ಮತ್ತು ಲಾಗ್‌ನಲ್ಲಿ ಕಾರಣ ಉಳಿಯುತ್ತದೆ. ಆದೇಶಕ್ಕೆ ಪೂರ್ಣ ದಾರಿ ಕೊಡುವುದನ್ನು ಮರೆಯಬೇಡಿ, ಏಕೆಂದರೆ ಆದೇಶಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿಯಾದ ಪಾಥ್‌ನಲ್ಲಿ ಬೂಟ್ ಸಮಯದಲ್ಲಿ ಯುಎಸ್‌ಆರ್ ಲೋಕಲ್ ಬಿನ್ ಇರುವುದಿಲ್ಲ.

ಎಲ್ಲರೂ ಸಾಲಿನಲ್ಲಿರುವುದರಿಂದ ನೀವು ಕಾಯುವಷ್ಟು ಹೊತ್ತು ನಿಮ್ಮ ಹಿಂದಿನವರೂ ಕಾಯುತ್ತಾರೆ. ಅವರಲ್ಲಿ ಎಸ್‌ಎಸ್‌ಎಚ್ ಸಂಪರ್ಕ ಸ್ವೀಕರಿಸುವ ಎಸ್‌ಎಸ್‌ಎಚ್‌ಡಿಯೂ ಇದ್ದರೆ ಯಂತ್ರದೊಳಗೆ ಹೋಗಿ ನೋಡುವ ದಾರಿಯೂ ಮುಚ್ಚಿರುತ್ತದೆ. ಆದ್ದರಿಂದ ಕಾಯುವ ಸ್ಕ್ರಿಪ್ಟಿನ ರಿಕ್ವೈರ್ ಸಾಲಿಗೆ ಎಸ್‌ಎಸ್‌ಎಚ್‌ಡಿಯನ್ನೂ ಸೇರಿಸುವುದು ನನ್ನ ರೂಢಿ. ಅಪ್ಲಿಕೇಶನ್‌ಗೆ ಅದರಿಂದ ಏನೂ ಆಗಬೇಕಾಗಿಲ್ಲ, ನನಗೆ ಆಗಬೇಕಾಗಿದೆ.

ಮೂಲ ವ್ಯವಸ್ಥೆಯ ಸೇವೆಯೊಂದು ಓಡುತ್ತಿರಲೇಬೇಕು ಎಂದಿದ್ದರೆ ‘ಫೋರ್ಸ್ ಡಿಪೆಂಡ್’ ಎಂಬ ಫಂಕ್ಷನ್ ಇದೆ. ಅದು ಓಡುತ್ತಿಲ್ಲದ ಸೇವೆಯನ್ನು ಬಲವಂತವಾಗಿ ಎಬ್ಬಿಸುತ್ತದೆ. ಆದರೆ ಅದು ಹುಡುಕುವುದು ಈಟಿಸಿಯ ಆರ್‌ಸಿ.ಡಿಯಲ್ಲಿ ಮಾತ್ರ, ಪ್ಯಾಕೇಜಿನಿಂದ ಬಂದ ಡೇಟಾಬೇಸ್‌ಗೆ ಅದು ಒದಗುವುದಿಲ್ಲ.

ಹಂತ 7: ನೆಟ್‌ವರ್ಕ್ ನಿಜವಾಗಿಯೂ ಬಂದಿದೆಯೇ ನೋಡಿ

ನೆಟ್‌ವರ್ಕಿಂಗ್ ಮೈಲಿಗಲ್ಲು ದಾಟಿದ್ದಕ್ಕೂ ಹೊರಗಿನ ಯಂತ್ರ ಸಿಗುವುದಕ್ಕೂ ಅಂತರವಿದೆ. ನೆಟ್‌ವರ್ಕ್ ಇಂಟರ್‌ಫೇಸ್‌ಗೆ ‘ಡಿಎಚ್‌ಸಿಪಿ’ (ವಿಳಾಸವನ್ನು ನೆಟ್‌ವರ್ಕ್‌ನಿಂದಲೇ ಪಡೆ) ಎಂದು ಆರ್‌ಸಿ ಡಾಟ್ ಕಾನ್ಫ್‌ನಲ್ಲಿ ಬರೆದಿದ್ದರೆ ವಿಳಾಸ ಸಿಗುವವರೆಗೆ ಬೂಟ್ ಕಾಯಬೇಕೆಂದಿಲ್ಲ. ‘ಸಿಂಕ್‌ಡಿಎಚ್‌ಸಿಪಿ’ ಎಂದು ಬದಲಿಸಿದರೆ ಕಾಯುತ್ತದೆ. ಸ್ವಿಚ್ ನಿಧಾನವಾಗಿ ಏಳುವ ಕಡೆಗಳಲ್ಲಿ ‘ನೆಟ್‌ವೇಟ್’ ಸೇವೆಯನ್ನು ಸಕ್ರಿಯಗೊಳಿಸಿ, ಅದರ ಐಪಿ ಚರದಲ್ಲಿ ನಿಮ್ಮ ಗೇಟ್‌ವೇ ವಿಳಾಸ ಕೊಡಿ. ಅದು ಪಿಂಗ್‌ಗೆ ಉತ್ತರ ಬರುವವರೆಗೆ, ಪೂರ್ವನಿಯೋಜಿತವಾಗಿ 60 ಸೆಕೆಂಡ್‌ಗಳವರೆಗೆ, ಮೈಲಿಗಲ್ಲನ್ನೇ ತಡೆದು ಹಿಡಿಯುತ್ತದೆ. ನೆಟ್‌ವೇಟ್‌ಗಾಗಿ ನಿಮ್ಮ ಸ್ಕ್ರಿಪ್ಟಿನಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ.

ಹಂತ 8: ಪ್ಯಾಕೇಜ್‌ಗಳ ಸ್ಕ್ರಿಪ್ಟನ್ನು ಮುಟ್ಟದೆ ಸರದಿ ಬದಲಿಸಿ

ಪ್ಯಾಕೇಜಿನಿಂದ ಬಂದ ಸ್ಕ್ರಿಪ್ಟಿನಲ್ಲಿ ನೀವು ಸೇರಿಸಿದ ಸಾಲು ಮುಂದಿನ ಅಪ್‌ಗ್ರೇಡ್‌ನಲ್ಲಿ ಅಳಿಸಿಹೋಗುತ್ತದೆ, ಅದು ಗೊತ್ತಾಗುವುದು ಅದರ ನಂತರದ ರೀಬೂಟ್‌ನಲ್ಲಿ. ಎರಡು ಪ್ಯಾಕೇಜ್‌ಗಳ ನಡುವೆ ಕ್ರಮ ಬೇಕಿದ್ದರೆ ಅವೆರಡರ ನಡುವಿನ ಸೇತುವೆಯಂತೆ ಖಾಲಿ ಸ್ಕ್ರಿಪ್ಟ್ ಒಂದನ್ನು ನೀವೇ ಇಡಿ: ಅದಕ್ಕೊಂದು ಪ್ರೊವೈಡ್ ಹೆಸರು, ಮೊದಲು ಬರಬೇಕಾದ ಸೇವೆ ರಿಕ್ವೈರ್‌ನಲ್ಲಿ, ಆಮೇಲೆ ಬರಬೇಕಾದದ್ದು ಬಿಫೋರ್‌ನಲ್ಲಿ. ಮೈಲಿಗಲ್ಲುಗಳು ಕೆಲಸ ಮಾಡುವುದೂ ಹೀಗೆಯೇ. ಓಡಿಸುವ ಅನುಮತಿ ಇದಕ್ಕೂ ಬೇಕು.

ಸರದಿಯೇ ಬೇಡವಾದ ಕಡೆ ಅದನ್ನು ಹೇರಬೇಡಿ. ಎಂಜಿನ್ಎಕ್ಸ್ ಏಳಲು ದಾಸ್ತಾನು ಎದ್ದಿರಬೇಕಾಗಿಲ್ಲ. ಅಪ್ಲಿಕೇಶನ್ ಬರುವವರೆಗೆ ಅದು 502 ದೋಷ ಕೊಡುತ್ತದೆ, ಬಂದ ಮೇಲೆ ಸರಿಹೋಗುತ್ತದೆ. ಎಂಜಿನ್ಎಕ್ಸ್ ಏಳುವುದೇ ಇಲ್ಲ ಎಂದಾದರೆ ಅದರ ಹೊಂದಿಕೆಯಲ್ಲಿ ಹಿಂದಿನ ಸರ್ವರನ್ನು ಹೆಸರಿನಿಂದ ಕರೆದಿದ್ದು, ಬೂಟ್ ಹೊತ್ತಿನಲ್ಲಿ ಆ ಹೆಸರಿಗೆ ವಿಳಾಸ ಸಿಗದಿರುವ ಸಾಧ್ಯತೆಯನ್ನು ಮೊದಲು ನೋಡಿ.

ಹಂತ 9: ನಿಲ್ಲಿಸುವ ಸರದಿಯನ್ನೂ ಗಮನಿಸಿ

ಯಂತ್ರ ಆರುವಾಗ, ಕೀವರ್ಡ್ ಸಾಲಿನಲ್ಲಿ ಶಟ್‌ಡೌನ್ ಎಂದಿರುವ ಸ್ಕ್ರಿಪ್ಟ್‌ಗಳನ್ನು ಮಾತ್ರ ತೆಗೆದುಕೊಂಡು ಅದೇ ಸರದಿಯನ್ನು ತಿರುಗಿಸಿ ನಿಲ್ಲಿಸಲಾಗುತ್ತದೆ. ಡೇಟಾಬೇಸ್‌ಗೆ ಆ ಗುರುತಿದ್ದು ದಾಸ್ತಾನುವಿಗೆ ಇಲ್ಲದಿದ್ದರೆ, ಅಪ್ಲಿಕೇಶನ್ ಬರೆಯುತ್ತಿರುವಾಗಲೇ ಅದರ ಕಾಲಡಿಯ ಡೇಟಾಬೇಸ್ ಹೋಗುತ್ತದೆ. ಇಡೀ ಪ್ರಕ್ರಿಯೆಗೆ ಪೂರ್ವನಿಯೋಜಿತ ಗಡುವು 90 ಸೆಕೆಂಡ್. ನಿಮ್ಮ ಸೇವೆ ನಿಧಾನವಾಗಿ ನಿಲ್ಲುವಂಥದ್ದಾದರೆ ‘ಆರ್‌ಸಿಶಟ್‌ಡೌನ್ ಟೈಮ್‌ಔಟ್’ ಚರವನ್ನು ಹೆಚ್ಚಿಸಿ.

ಹಂತ 10: ರೀಬೂಟ್ ಮಾಡಿ ಪರೀಕ್ಷಿಸಿ

ಮೊದಲು ‘ಸರ್ವಿಸ್ ದಾಸ್ತಾನು ಸ್ಟಾರ್ಟ್’ ಎಂದು ಪರೀಕ್ಷಿಸಿ. ಸ್ಕ್ರಿಪ್ಟನ್ನು ನೇರವಾಗಿ ಕರೆಯಬೇಡಿ. ‘ಸರ್ವಿಸ್’ ನಿಮ್ಮ ಲಾಗಿನ್‌ನ ಪರಿಸರವನ್ನೆಲ್ಲ ಕಳಚಿ, ಬೂಟ್ ಹೊತ್ತಿನಷ್ಟೇ ಬರಿದಾದ ಪಾಥ್‌ನಲ್ಲಿ ಓಡಿಸುವುದರಿಂದ ಅರ್ಧಕ್ಕರ್ಧ ತಪ್ಪುಗಳು ಇಲ್ಲಿಯೇ ಹೊರಬೀಳುತ್ತವೆ. ಆಮೇಲೆ ಆರ್‌ಸಿ ಡಾಟ್ ಕಾನ್ಫ್‌ನಲ್ಲಿ ‘ಆರ್‌ಸಿ ಡಿಬಗ್’ ಅನ್ನು ‘ಯೆಸ್’ ಮಾಡಿ, ಕನ್ಸೋಲ್ ಮುಂದೆ ಕುಳಿತು ರೀಬೂಟ್ ಮಾಡಿ. ಎದ್ದ ಮೇಲೆ ‘ಡಿಮೆಸೇಜ್ -ಎ’ ಕೊಟ್ಟರೆ ಕನ್ಸೋಲ್‌ನಲ್ಲಿ ಹಾದುಹೋದ ಸಂದೇಶಗಳನ್ನು ಮತ್ತೆ ಓದಬಹುದು.

ಬೂಟ್ ಎಲ್ಲಿಯೋ ನಿಂತಂತೆ ಕಂಡರೆ ಗಾಬರಿಯಿಂದ ಪವರ್ ಗುಂಡಿ ಒತ್ತಬೇಡಿ. ಕಂಟ್ರೋಲ್ ಮತ್ತು ‘ಟಿ’ ಒತ್ತಿದರೆ ಯಾವ ಸ್ಕ್ರಿಪ್ಟು ಓಡುತ್ತಿದೆ ಎಂದು ಪರದೆಯ ಮೇಲೆ ಬರುತ್ತದೆ. ಕಂಟ್ರೋಲ್ ಮತ್ತು ‘ಸಿ’ ಒತ್ತಿದರೆ ಆ ಒಂದು ಸ್ಕ್ರಿಪ್ಟು ಮಾತ್ರ ಮುರಿದು ಬೂಟ್ ಮುಂದುವರಿಯುತ್ತದೆ. ಇದಕ್ಕೂ ಬಗ್ಗದಿದ್ದರೆ ಬೂಟ್ ಮೆನುವಿನಿಂದ ಸಿಂಗಲ್ ಯೂಸರ್ ಸ್ಥಿತಿಗೆ ಹೋಗಿ, ರೂಟ್ ಫೈಲ್‌ಸಿಸ್ಟಮ್ ಅನ್ನು ಬರೆಯುವಂತೆ ಮತ್ತೆ ಮೌಂಟ್ ಮಾಡಿ, ನಿಮ್ಮ ಸ್ಕ್ರಿಪ್ಟಿನ ಓಡಿಸುವ ಅನುಮತಿಯನ್ನು ತೆಗೆದುಹಾಕಿ.

ಒಂದು ಸಲ ಸರಿಯಾಗಿ ಎದ್ದಿತೆಂದು ಅಲ್ಲಿಗೇ ಬಿಡದೆ, ಡೇಟಾಬೇಸ್‌ನ ಎನೇಬಲ್ ಚರವನ್ನು ಬೇಕೆಂದೇ ‘ನೋ’ ಮಾಡಿ ಇನ್ನೊಮ್ಮೆ ರೀಬೂಟ್ ಮಾಡಿ. ದಾಸ್ತಾನು ತನ್ನ ಗಡುವಿನವರೆಗೆ ಕಾದು, ಎಚ್ಚರಿಕೆ ಬರೆದು, ಉಳಿದ ಸೇವೆಗಳಿಗೆ ದಾರಿ ಬಿಡಬೇಕು, ಅಷ್ಟರಲ್ಲಿ ಎಸ್‌ಎಸ್‌ಎಚ್ ಮೂಲಕ ನೀವು ಒಳಗೆ ಹೋಗುವಂತಿರಬೇಕು. ಪರೀಕ್ಷೆ ಮುಗಿದ ಮೇಲೆ ಆ ಚರವನ್ನೂ ಆರ್‌ಸಿ ಡಿಬಗ್ ಅನ್ನೂ ಮೊದಲಿನಂತೆ ಮಾಡಿ.